ಕೈ ಹೇಳಿತೆಂದು ನಾನು ಬರೆದದ್ದು

ಮಣಿಕಟ್ಟಿನ ಮೂಳೆಯಿಂದ ಎರಡು ಅಂಗುಲ ಹಿಂದಕ್ಕೆ, ಎರಡೇ ಬೆರಳು. ಹೆಬ್ಬೆರಳು ತಾಗಬಾರದು. ಮಗು ತೋಳನ್ನು ಹೆಗಲಿನ ಮಟ್ಟಕ್ಕೆ ಚಾಚಿ ನಿಂತಿರಬೇಕು. ನಾವು ಒಂದು ಶಬ್ದ ಹೇಳಬೇಕು, ಹೇಳಿದ ಕೂಡಲೇ ಮೇಲಿನಿಂದ ಮೆಲ್ಲಗೆ ಒತ್ತಬೇಕು. ತೋಳು ತಡೆದು ನಿಂತರೆ 'ಗಟ್ಟಿ', ಕುಸಿದರೆ 'ಸಡಿಲು'. ಸಡಿಲಾದ ಶಬ್ದದಲ್ಲಿ ಆ ಮಗುವಿನ ಆತಂಕ ಇದೆ ಎಂದು ತಿಳಿಯಬೇಕು. ಆರು ವರ್ಷ ನಾನು ಹೀಗೆ ಮಕ್ಕಳ ತೋಳು ಒತ್ತಿದ್ದೇನೆ.

ಒಂಬತ್ತು ವರ್ಷ ಮಾಡಿದ ಕೆಲಸವನ್ನು ಈಚೆಗೆ ಬಿಟ್ಟೆ. ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಬಿಟ್ಟ ಕಾರಣ ನನ್ನ ಸ್ವಂತದ್ದು, ಇಲ್ಲಿ ಅದು ಬೇಕಿಲ್ಲ. ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಫೈಲುಗಳನ್ನು ಒಪ್ಪಿಸುವಾಗ ಅವರಲ್ಲೊಬ್ಬಳು, "ಅಕ್ಕಾರ, ಈ ಫಾರ್ಮಿನ್ಯಾಗ ಒಂದ್ ಕಾಲಂ ಹೊಡದ್ ಹಾಕೀರಲ್ಲ, ಯಾಕ್ರಿ?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಗಿತ್ತು, ಆಮೇಲೆ ಹೇಳುತ್ತೇನೆಂದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ನಮ್ಮದು ಚಿಕ್ಕ ಸಂಸ್ಥೆ. ಇಂಡಿಯಲ್ಲಿ ಎರಡು ಕೋಣೆಯ ಕಚೇರಿ. ಆತಂಕದಿಂದ ಶಾಲೆ ಬಿಟ್ಟ, ಮಾತು ಬಿಟ್ಟ, ಊಟ ಬಿಟ್ಟ ಮಕ್ಕಳ ಜೊತೆ ದೇಹದ ಚಲನೆಯ ಮೂಲಕ ಕೆಲಸ ಮಾಡುವುದು ನಮ್ಮ ಉದ್ದೇಶ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶುಕ್ರವಾರ ಬಸವನ ಬಾಗೇವಾಡಿ. ಬುಧವಾರ ಕುಳಿತು ಬರೆಯುವುದು. ನಾನು ಸಿಂದಗಿಯವಳಾದ್ದರಿಂದ ದಿನವೂ ಮನೆಗೆ ಮರಳುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಎಷ್ಟು ಕೇಸು ಬರೆದಿದ್ದೇನೆಂದರೆ, ಹಳೆಯ ಫೈಲುಗಳಲ್ಲಿ ನನ್ನ ಅಕ್ಷರ ನೋಡಿದರೆ ರಸ್ತೆ ಹೇಗಿತ್ತೆಂದು ಹೇಳಬಹುದು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಕೈನೀಸಿಯಾಲಜಿ: ದೇಹ ಹೇಗೆ ಚಲಿಸುತ್ತದೆ, ಯಾವ ಸ್ನಾಯು ಯಾವಾಗ ಬಿಗಿಯುತ್ತದೆ, ಹೆದರಿದವರ ನಡಿಗೆ ಹೇಗೆ ಬದಲಾಗುತ್ತದೆ ಎನ್ನುವ ಶಾಸ್ತ್ರ. ಅದರಲ್ಲಿ ತೋಳು ಒತ್ತಿ ಶಬ್ದ ಹೇಳುವ ಪರೀಕ್ಷೆ ಇರಲಿಲ್ಲ. ಅದು ಬಂದದ್ದು ಆಮೇಲೆ.

ಮೊದಲು, ಕೈಹಿಡಿದ ಕೆಲಸದ ಬಗ್ಗೆ. ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಹುಡುಗಿ ಬೋರ್ಡಿನ ಹತ್ತಿರ ಕರೆದರೆ ನಡುಗುತ್ತಿದ್ದಳು. ಅವಳೊಬ್ಬಳನ್ನೇ ಎಬ್ಬಿಸಿದರೆ ಇನ್ನೂ ಕುಗ್ಗುತ್ತಾಳೆಂದು ಇಡೀ ತರಗತಿಗೆ ಗೋಡೆ ನೂಕಲು ಹೇಳಿದೆ. ಎರಡು ಅಂಗೈ ಗೋಡೆಗೆ, ಹಿಮ್ಮಡಿ ನೆಲಕ್ಕೆ, ಹತ್ತು ಎಣಿಸುವವರೆಗೆ ಪೂರ್ತಿ ಬಲ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, "ಮೇಡಂ, ಸಾವಕಾಶ್ರಿ, ಗ್ವಾಡಿ ಸರಕಾರದ್ದೈತಿ" ಎಂದರು. ಹಿಂದಿನಿಂದ ಒಂದು ದನಿ: "ಸರ್, ಅದು ನೂಕದಿದ್ರೂ ಬೀಳೂದೈತ್ರಿ." ಎಲ್ಲರೂ ನಕ್ಕರು, ಆ ಹುಡುಗಿಯೂ ನಕ್ಕಳು. ಮೂರು ವಾರದ ನಂತರ ಅವಳು ಸುಣ್ಣದ ಕಡ್ಡಿ ಹಿಡಿದು ಎದ್ದು ಹೋದಳು. ಕೈ ಆಗಲೂ ನಡುಗುತ್ತಿತ್ತು, ಅಕ್ಷರ ಸೊಟ್ಟಗಿತ್ತು, ಆದರೆ ಲೆಕ್ಕ ಮುಗಿಸಿ ಬಂದಳು. ನಡುಕ ಪೂರ್ತಿ ಹೋಗಬೇಕೆಂದು ಕಾಯಬೇಡಿ. ನಡುಗುತ್ತಲೇ ಮಾಡಲು ಬಂದರೆ ಸಾಕು.

ಇನ್ನು ನನ್ನ ಮೊದಲ ವರ್ಷದ ತಪ್ಪು. ಸಿಂದಗಿಯಲ್ಲಿ ಎದೆ ಹೊಡೆದುಕೊಳ್ಳುತ್ತದೆಂದು ಅಳುತ್ತಿದ್ದ ಮಗುವಿಗೆ, "ಜೋರಾಗಿ ಉಸಿರು ತಗೋ, ಇನ್ನೂ ಜೋರಾಗಿ" ಎಂದೆ. ಪುಸ್ತಕದಲ್ಲಿ ಹಾಗೇ ಇದೆಯೆಂದು ನನ್ನ ನೆನಪು. ಎರಡು ನಿಮಿಷದಲ್ಲಿ ಅವನ ಬೆರಳುಗಳು ಕೊಕ್ಕೆಯಂತೆ ಸೆಟೆದುಕೊಂಡವು. ಅವನ ಅಜ್ಜಿ, "ಬಂದಾಗ ನೆಟ್ಟಗಿತ್ತಲ್ರಿ ಕೂಸು! ನೀವೇನ್ ಮಾಡಿದ್ರಿ?" ಎಂದು ಎದ್ದು ನಿಂತಳು. ಅವನನ್ನು ಅಂಗಳದಲ್ಲಿ ನಡೆಸಿ, ಗುಂಯ್‌ಗುಡಿಸುತ್ತ ಉಸಿರು ಹೊರಬಿಡಿಸಿದ ಮೇಲೆ ಬೆರಳು ಬಿಚ್ಚಿಕೊಂಡವು. ಮೊದಲು ಉಸಿರು ಬಿಡುವುದನ್ನು ಕಲಿಸಬೇಕು, ತೆಗೆದುಕೊಳ್ಳುವುದು ತಾನೇ ಬರುತ್ತದೆ. ಆ ತಪ್ಪು ಅರ್ಧ ಗಂಟೆಯಲ್ಲಿ ಸರಿಹೋಯಿತು. ಎಲ್ಲವೂ ಹಾಗೆ ಹೋಗುವುದಿಲ್ಲ.

ನಮ್ಮ ಮುಖ್ಯಸ್ಥರು ಪಾಟೀಲ ಸರ್. ದೈಹಿಕ ಶಿಕ್ಷಣದ ಉಪನ್ಯಾಸಕರಾಗಿದ್ದವರು, ದೊಡ್ಡ ದನಿ, ಒಳ್ಳೆಯ ಮನಸ್ಸು. ನಾನು ಸೇರಿದ ಎರಡನೆಯ ವರ್ಷ ಎಲ್ಲೋ ನಾಲ್ಕು ದಿನದ ತರಬೇತಿಗೆ ಹೋಗಿ ಬಂದು, ನನ್ನನ್ನು ನಿಲ್ಲಿಸಿ ನನ್ನ ತೋಳು ಒತ್ತಿ ತೋರಿಸಿದರು. "ಬಾಯಿ ಮುಚ್ಚಿಡತೈತಿ, ಸ್ನಾಯು ಮುಚ್ಚಿಡೂದಿಲ್ಲ. ಐದು ಮಿನಿಟಿನ್ಯಾಗ ಕೇಸ್ ಬಿಚ್ಚಿಕೊಂತೈತಿ, ನೋಡು." ಅದಕ್ಕೂ ಕೈನೀಸಿಯಾಲಜಿ ಎಂದೇ ಹೆಸರಿತ್ತು. ನಾನು ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಫಾರ್ಮಿನಲ್ಲಿ 'ಸ್ನಾಯು ಪರೀಕ್ಷೆ' ಎಂಬ ಕಾಲಂ ಸೇರಿಕೊಂಡಾಗ ನಾನು ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ ಎನ್ನುವುದನ್ನು ಬರೆಯಬೇಕು. ಬೇರೆಯವರ ಮನೆಯ ಮಾತು ಕೇಳುವುದು ನನಗೆ ಎಂದೂ ಸುಲಭವಲ್ಲ. "ಮನೆಯಲ್ಲಿ ಜಗಳವಿದೆಯೇ, ಯಾರಾದರೂ ಹೊಡೆಯುತ್ತಾರೆಯೇ" ಎಂದು ಒಬ್ಬ ತಾಯಿಯನ್ನು ಕೇಳುವ ಮುಂಚೆ ನಾನು ನೀರು ಕುಡಿದು ಬರುತ್ತಿದ್ದೆ. ತೋಳು ಒತ್ತಿದರೆ ಕೇಳುವ ಪ್ರಮೇಯವೇ ಇರಲಿಲ್ಲ. ಪಾಲಕರಿಗೂ ಅದು ಹಿಡಿಸುತ್ತಿತ್ತು; ಕಣ್ಣಿಗೆ ಕಾಣುವಂತೆ ತೋಳು ಕೆಳಗಿಳಿಯುತ್ತದೆ. ನಂಬದೆ ಏನು ಮಾಡುತ್ತಾರೆ?

ಸಾನಿಯಾ ಬಂದದ್ದು ನನ್ನ ಎಂಟನೆಯ ವರ್ಷದಲ್ಲಿ, ಒಂದು ಸೋಮವಾರ. ತಾಂಬಾದ ಹುಡುಗಿ, ಹತ್ತು ವರ್ಷ. ತಂದೆ ಲಾಲಸಾಬ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ತಾಯಿ ಹಸೀನಾ, ಮುದ್ದೇಬಿಹಾಳದ ಮಗಳು. ಸಾನಿಯಾ ಐದು ವಾರದಿಂದ ಶಾಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಸಮವಸ್ತ್ರ ಹಾಕಿದ ಕೂಡಲೇ ವಾಂತಿ. ಡಾಕ್ಟರು ಹೊಟ್ಟೆ ನೋಡಿ ಏನೂ ಇಲ್ಲ ಎಂದಿದ್ದರು.

ಲಾಲಸಾಬ ಇಬ್ಬರನ್ನೂ ಬೈಕಿನಲ್ಲಿ ತಂದು ಗೇಟಿನ ಹೊರಗೆ ನಿಂತಿದ್ದ. ಅಂಗಳದಲ್ಲಿ ಸಾನಿಯಾಳನ್ನು ನಡೆಸಿ ನೋಡಿದೆ. ಹೆಗಲು ಕಿವಿಯ ಕಡೆ ಎದ್ದಿತ್ತು, ಉಸಿರು ಎದೆಯ ಮೇಲ್ಭಾಗದಲ್ಲೇ ಇತ್ತು. ಪ್ರತಿ ಏಳೆಂಟು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ಗೇಟಿನತ್ತ ನೋಡುತ್ತಿದ್ದಳು. ಇದನ್ನೆಲ್ಲ ನಡಿಗೆಯ ಕಾಲಮ್ಮಿನಲ್ಲಿ ಸರಿಯಾಗಿ ಬರೆದೆ. ಆಮೇಲೆ ಒಳಗೆ ಕರೆದು ತೋಳು ಒತ್ತಿದೆ. ಶಾಲೆ: ಗಟ್ಟಿ. ಟೀಚರ್: ಗಟ್ಟಿ. ಗೆಳತಿಯರು: ಗಟ್ಟಿ. ಅಮ್ಮಿ: ಗಟ್ಟಿ. ತಂದೆಯ ಸರದಿಗೆ 'ಅಬ್ಬಾ' ಎಂದೆ, ಒತ್ತಿದೆ. ತೋಳು ಸೊಂಟದವರೆಗೆ ಕುಸಿಯಿತು.

ಸಾನಿಯಾ ತನ್ನ ಕೈಯನ್ನು ನೋಡಿಕೊಂಡಳು. ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಅದನ್ನು ನಾನು ಭಯ ಎಂದುಕೊಂಡೆ. ಹಸೀನಾ ಪಕ್ಕದಲ್ಲೇ ಕುಳಿತಿದ್ದಳು.

"ಅಂದ್ರ ಏನ್ರಿ ಮೇಡಂ?"

ಗೊತ್ತಿಲ್ಲ ಎನ್ನಬೇಕಿತ್ತು. "ತಂದೆಯ ವಿಷಯದಲ್ಲಿ ಏನೋ ಇದೆ" ಎಂದೆ.

"ಏನು?"

"ಅದನ್ನ ನೀವ ನೋಡ್ಕೋಬೇಕು."

ಹಸೀನಾ ಮಗಳ ತೋಳನ್ನು ತನ್ನ ಸೆರಗಿನಲ್ಲಿ ಮುಚ್ಚಿದಳು. ಹೋಗುವಾಗ ಬೈಕಿನಲ್ಲಿ ಕೂರದೆ ಬಸ್ಸಿಗೆ ಹೋದಳು. ಗಂಡ ಬೈಕು ಒತ್ತಿಕೊಂಡು ಇಬ್ಬರ ಹಿಂದೆ ಸ್ಟ್ಯಾಂಡಿನವರೆಗೆ ನಡೆದ. ನಾನು ಕಿಟಕಿಯಿಂದ ನೋಡಿ, ಪರೀಕ್ಷೆ ಸರಿಯಾಗಿದೆ ಎಂದುಕೊಂಡೆ.

ಮೂರನೆಯ ದಿನ ಹಸೀನಾ ಮಗಳನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ತವರಿಗೆ ಹೋದಳು. ಮುಂದಿನ ಸೋಮವಾರ ಅವಳ ಅಣ್ಣ, ಕಿರಾಣಿ ವ್ಯಾಪಾರಿ, ನಮ್ಮ ಕಚೇರಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೀವು ಕಂಡುಹಿಡದದ್ದು ಕಾಗದದ ಮ್ಯಾಲೆ ಬರದ್ ಕೊಡ್ರಿ. ಬರೂ ಶುಕ್ರವಾರ ಹಿರಿಯಾರು ಕೂಡ್ತಾರ. ಹುಡುಗಿನ ಮುದ್ದೇಬಿಹಾಳದಾಗ ಸಾಲಿಗೆ ಹಚ್ತೇವಿ. ಅಂವ ಇನ್ ಮ್ಯಾಲೆ ಅಕೀ ಮುಖಾ ನೋಡಬಾರದು, ಅಷ್ಟ ನಮಗ ಬೇಕಾದ್ದು."

"ಸಾನಿಯಾ ಹೇಗಿದ್ದಾಳೆ?"

"ಉಣ್ಣವಲ್ಲಳು. ಬಾಗಲ ಹಿಡಕೊಂಡ್ ನಿಂದರ್ತಾಳ. ಅಂವನ ಹೆದರಿಕಿ ಇನ್ನೂ ಹೋಗಿಲ್ರಿ."

ಬರೆದುಕೊಡಲು ಪಾಟೀಲ ಸರ್ ಸಹಿ ಬೇಕೆಂದು ಹೇಳಿ ಕಳಿಸಿದೆ. ಅದು ನಿಯಮವಾಗಿತ್ತು, ನನ್ನ ವಿವೇಕವಲ್ಲ.

ಅದೇ ಮಧ್ಯಾಹ್ನ ಲಾಲಸಾಬ ಬಂದ. ಹುಬ್ಬಿನ ಮೇಲೆ ಒಣಗುತ್ತಿದ್ದ ಗಾಯ, ಮಾತು ಸ್ವಲ್ಪ ದಪ್ಪ. ಎಲ್ಲೋ ಹೊಡೆದಾಡಿದ್ದಾನೆ, ಕುಡಿದಿರಲೂಬಹುದು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಅವನು ಮೇಜಿನ ಈಚೆ ನಿಂತು ಅಂಗಿಯ ತೋಳು ಮಡಿಸಿ ಕೈ ಚಾಚಿದ.

"ನನ್ನ ಕೈನೂ ಒತ್ತಿ ನೋಡ್ರಿ ಮೇಡಂ."

"ಅದು ದೊಡ್ಡವರಿಗಲ್ಲ."

"ಹಂಗಾರ ಅಕೀ ಕೈ ಏನ್ ಹೇಳ್ತು, ಅದನರ ಹೇಳ್ರಿ. ನಾ ಅಕೀಗೆ ಒಂದ್ ಸಲಾನೂ ಕೈ ಎತ್ತಿಲ್ಲ. ಊರಾಗ ಯಾರನ್ನಾದ್ರೂ ಕೇಳ್ರಿ."

"ಮತ್ತೆ ಸಾಲಿಗೆ ಯಾಕೆ ಹೋಗುತ್ತಿಲ್ಲ? ನಿಮಗೆ ಗೊತ್ತಿದೆಯೇ?"

ಅವನು ಹುಬ್ಬಿನ ಗಾಯ ಮುಟ್ಟಿಕೊಂಡ. "ನಂಗ ಗೊತ್ತಿಲ್ರಿ" ಎಂದು ತೋಳು ಇಳಿಸಿಕೊಂಡು ಹೊರಟುಹೋದ.

ನಮ್ಮ ಕಚೇರಿಯಲ್ಲಿ ಗಂಗವ್ವ ಎಂಬ ಸಹಾಯಕಿ ಇದ್ದಳು. ಐವತ್ತು ದಾಟಿದವಳು. ಕಸ, ಚಹಾ, ಮಕ್ಕಳನ್ನು ಸುಮ್ಮನಿರಿಸುವುದು ಎಲ್ಲ ಅವಳದೇ. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಒಂದ್ ಮಾತು ಹೇಳಲೇನ್ರಿ ಮೇಡಂ? ಸಿಟ್ಟಾಗಬಾರದು."

"ಹೇಳು."

"ಅವತ್ತು ನೀವು ಅಬ್ಬಾ ಅನ್ನೂಕಿಂತ ಮೊದಲ ನಿಮ್ಮ ಹೆಗಲು ಮುಂದ ಬಂದಿತ್ರಿ. ಹಿಟ್ಟು ನಾದೂಮುಂದ ಬರ್ತೈತಲ್ಲ, ಹಂಗ. ಉಳದ ಮಾತಿಗೆಲ್ಲ ಬೆರಳಿಂದ ಒತ್ತಿದ್ರಿ. ಅದಕ್ಕಷ್ಟ ಮೈಯಿಂದ ಒತ್ತಿದ್ರಿ."

ನಾನು ಓದಿದ್ದು ದೇಹದ ಚಲನೆ. ನನ್ನ ದೇಹದ ಚಲನೆಯನ್ನು ಓದಿದ್ದು ಗಂಗವ್ವ.

ಕಚೇರಿಯ ಬಾಗಿಲು ಹಾಕಿ ಅವಳನ್ನೇ ನಿಲ್ಲಿಸಿದೆ. ಅವಳು ಮನಸ್ಸಿನಲ್ಲಿ ಏನಾದರೂ ನೆನೆಯಬೇಕು, ನನಗೆ ಹೇಳಬಾರದು. ಕೆಟ್ಟದ್ದು ನೆನೆದಳೋ ಒಳ್ಳೆಯದು ನೆನೆದಳೋ ನನಗೆ ತಿಳಿಯದಂತೆ ಹನ್ನೆರಡು ಸಲ ಒತ್ತಿದೆ. ಹನ್ನೆರಡು ಸಲವೂ ತೋಳು ಗಟ್ಟಿ.

"ಯಾವ್ಯಾವುದು ನೆನೆದೆ?"

"ನಾಕ್ ಸಲ ನನ್ನ ಗಂಡನ್ನ ನೆನದೇನ್ರಿ. ಅಂವನ್ನ ನೆನದ್ರೂ ಕೈ ಬಿದ್ದಿಲ್ಲಂದ್ರ ನಿಮ್ ಮಸೀನ ಕೆಟ್ಟೈತಿ."

ಆಮೇಲೆ ನೆನೆದದ್ದನ್ನು ಮೊದಲೇ ಹೇಳಿಸಿ ಒತ್ತಿದೆ. 'ಗಂಡ' ಎಂದಾಗ ಅವಳ ತೋಳು ಕುಸಿಯಿತು. ಈ ಸಲ ನನ್ನ ಹೆಗಲು ಮುಂದೆ ಬಂದದ್ದು ನನಗೇ ತಿಳಿಯಿತು. ಗಂಗವ್ವ ನಗಲಿಲ್ಲ. ನಾನೂ ನಗಲಿಲ್ಲ. ಸಾನಿಯಾಳ ತಂದೆಯ ಮೇಲೆ ಅನುಮಾನ ನನಗೆ ಎಲ್ಲಿಂದ ಬಂತು? ಗೇಟಿನ ಹೊರಗೆ ನಿಂತವನ ಎಣ್ಣೆ ಮೆತ್ತಿದ ಅಂಗಿಯಿಂದ ಇರಬಹುದು, ಹಿಂದಿನ ಯಾವುದೋ ಕೇಸಿನಿಂದ ಇರಬಹುದು. ಎಲ್ಲಿಂದ ಬಂದಿದ್ದರೂ ಅದು ನನ್ನಲ್ಲಿತ್ತು. ಮಗುವಿನ ತೋಳಿನಲ್ಲಿ ಇರಲಿಲ್ಲ.

ಬುಧವಾರ ಪಾಟೀಲ ಸರ್‌ಗೆ ಹೇಳಿದೆ. ಅವರು ಮೇಜಿನ ಮೇಲಿನ ಪೆನ್ನನ್ನು ಉರುಳಿಸಿದರು.

"ಒಂದ್ ಕೇಸಿನ ಸಲುವಾಗಿ ಇಡೀ ಪದ್ಧತಿ ಬಿಡಾಕಾಗತೈತೇನವ್ವಾ?"

"ಒಂದಲ್ಲ ಸರ್. ಆರು ವರ್ಷದ್ದು."

"ಮುದ್ದೇಬಿಹಾಳಕ್ಕ ಹೋಗಿ ತಪ್ಪಾತು ಅಂದ್ರ ನಾಳಿ ಯಾವ ತಾಯಿ ನಮ್ಮ ಕಡೆ ಮಗಾನ ಕರಕೊಂಡ್ ಬರ್ತಾಳ?"

"ಹೇಳದಿದ್ದರೆ ಶುಕ್ರವಾರ ಆ ಹುಡುಗಿಗೆ ತಂದೆ ಇಲ್ಲದಂತಾಗುತ್ತದೆ."

ಅವರು ಹೋಗು ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಗುರುವಾರ ನಾನು ಹೇಗೂ ಮುದ್ದೇಬಿಹಾಳದಲ್ಲಿ ಇರುವ ದಿನ.

ಹಸೀನಾಳ ಅಣ್ಣನ ಮನೆ ಅಂಗಡಿಯ ಹಿಂದೆ. ತೊಗರಿ ಚೀಲಗಳ ನಡುವೆ ಕುಳಿತು ಹೇಳಿದೆ: ಪರೀಕ್ಷೆ ತಪ್ಪು, ತೋಳು ಕುಸಿದದ್ದು ನಾನು ಹೆಚ್ಚು ಒತ್ತಿದ್ದಕ್ಕೆ. ನಿಮ್ಮ ಗಂಡನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿದೆ ಎಂಬಂತೆ ಮಾತಾಡಿದೆ.

ಅಣ್ಣ ಎದ್ದು ನಿಂತ. "ಇದೇನ್ ಆಟ ಹಚ್ಚೀರಿ? ಹೋದ ವಾರ ಹಂಗ, ಈ ವಾರ ಹಿಂಗ. ಅಂವ ಬಂದು ನಿಮ್ಮನ್ನ ಹೆದರಿಸ್ಯಾನೇನು?"

"ಇಲ್ಲ. ತನ್ನ ಕೈಯನ್ನೂ ನೋಡಿ ಎಂದ."

ಹಸೀನಾ ಬಹಳ ಮೆಲ್ಲಗೆ, "ಎಂಟ ದಿನಾ ಆತ್ರಿ, ನಾ ಅಂವನ ಫೋನ್ ಎತ್ತಿಲ್ಲ" ಎಂದಳು.

ಸಾನಿಯಾ ನಿಜವಾಗಿಯೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾಯಿಯನ್ನು ಕೇಳಿ ಅವಳನ್ನು ಓಣಿಯಲ್ಲಿ ನಡೆಯಲು ಕರೆದೆ. ಮಾತಾಡಿಸಲು ನಡೆಯುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಎದುರುಬದುರು ಮುಖ ನೋಡುವ ಕಷ್ಟವಿಲ್ಲ. ಅವಳು ಈಗ ಕತ್ತು ತಿರುಗಿಸುತ್ತಿರಲಿಲ್ಲ. ತಿರುಗಿದರೆ ಕಾಣಲು ಅಲ್ಲಿ ತಂದೆ ಇರಲಿಲ್ಲ. ಅಷ್ಟರಲ್ಲಿ ನನಗೆ ಹೊಳೆಯಿತು: ಹೆದರುವ ಮಗು, ತಾನು ಹೆದರುವ ಮನುಷ್ಯ ಇನ್ನೂ ನಿಂತಿದ್ದಾನೆಯೇ ಎಂದು ಏಳು ಹೆಜ್ಜೆಗೊಮ್ಮೆ ಅಷ್ಟು ಕಾಳಜಿಯಿಂದ ನೋಡುವುದಿಲ್ಲ.

"ಸಾನಿಯಾ, ಅವತ್ತು ನಿನ್ನ ಕೈ ಬಿತ್ತಲ್ಲ, ಅದು ನಿನ್ನ ಕೈ ಅಲ್ಲ. ನಾನು ಜೋರಾಗಿ ಒತ್ತಿದೆ. ನಿನ್ನ ಕೈ ನನಗೆ ಏನೂ ಹೇಳಲಿಲ್ಲ."

ಅವಳು ನಿಂತುಬಿಟ್ಟಳು.

"ನನ್ನ ಕೈ ಹೇಳಿಲ್ಲಾ?"

"ಇಲ್ಲ."

"ಖರೇ? ಅಬ್ಬಾಂದು ಏನೂ ಹೇಳಿಲ್ಲಾ?"

"ಒಂದು ಮಾತೂ ಹೇಳಿಲ್ಲ."

ಅವಳು ಅಲ್ಲೇ ಓಣಿಯ ಕಲ್ಲಿನ ಮೇಲೆ ಕುಳಿತು ಅತ್ತಳು. ನಾನು ಪಕ್ಕದಲ್ಲಿ ಕುಳಿತೆ. ಏನು ಎಂದು ಕೇಳಲಿಲ್ಲ. ಅಳು ನಿಂತ ಮೇಲೆ ಅವಳೇ, "ಅಬ್ಬಾಗ ಫೋನ್ ಹಚ್ಚರಿ" ಎಂದಳು. ಸ್ಪೀಕರಿನಲ್ಲಿ ಇಟ್ಟು ಹಚ್ಚಿದೆ.

"ಅಬ್ಬಾ, ನಾ ಹೇಳಿಲ್ಲ. ಕೈನೂ ಹೇಳಿಲ್ಲಂತ."

ಆ ಕಡೆಯಿಂದ ಲಾಲಸಾಬ, "ಅಮ್ಮಿಗೆ ಕೊಡವ್ವಾ ಫೋನು" ಎಂದ. ಒಳಗೆ ಹೋಗಿ ಹಸೀನಾಳಿಗೆ ಕೊಟ್ಟೆವು. ಅವನು ತಾನೇ ಹೇಳಿದ. ಎರಡು ತಿಂಗಳ ಹಿಂದೆ ಬೆಳಗಿನ ಹೊತ್ತು ಅಂಗಡಿಯಲ್ಲಿ ಅವನಿಗೆ ಫಿಟ್ಸ್ ಬಂದಿತ್ತು. ಸಾನಿಯಾ ಒಬ್ಬಳೇ ಹತ್ತಿರ ಇದ್ದಳು. ಯಾರಿಗೂ ಹೇಳಬೇಡ, ಅಮ್ಮಿಗೂ ಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. "ಫಿಟ್ಸ್ ಬರೂ ಮನಷ್ಯಾನ ಕೈಯಾಗ ಕರೆಂಟಿನ ಮೋಟರ್ ಯಾರ್ ಕೊಡ್ತಾರ, ಹಸೀನಾ?" ಆಮೇಲೆ ಇನ್ನೆರಡು ಸಲ ಬಂದಿತ್ತು, ಒಮ್ಮೆ ಅವಳ ಎದುರಿಗೆ, ಒಮ್ಮೆ ಅವಳು ಮುದ್ದೇಬಿಹಾಳಕ್ಕೆ ಬಂದ ಮೇಲೆ. ಹುಬ್ಬಿನ ಗಾಯ, ಕಚ್ಚಿದ ನಾಲಿಗೆ ಆ ಕೊನೆಯ ಸಲದ್ದು.

ಸಾನಿಯಾ ಶಾಲೆಗೆ ಹೋಗದೆ ಅಂಗಡಿಯಲ್ಲಿ ಕಾವಲು ಕಾಯುತ್ತಿದ್ದಳು. ಕಾವಲುಗಾರ್ತಿಯನ್ನು ಎಬ್ಬಿಸಿ ಎಪ್ಪತ್ತು ಕಿಲೋಮೀಟರ್ ಆಚೆ ತಂದು ಕೂರಿಸಿದ್ದು ನನ್ನ ಎರಡು ಬೆರಳು.

ಶುಕ್ರವಾರ ಹಿರಿಯರು ಕೂಡಲಿಲ್ಲ. ಸಾನಿಯಾ ಶಾಲೆಗೆ ಮರಳಿದ್ದು ಒಮ್ಮೆಲೇ ಅಲ್ಲ. ಮೊದಲು ಶಾಲೆಯ ಗೇಟಿನವರೆಗೆ ನಡಿಗೆ, ಆಮೇಲೆ ಅರ್ಧ ದಿನ, ಮಧ್ಯಾಹ್ನ ಅಂಗಡಿಗೆ ಹೋಗಿ ತಂದೆಯನ್ನು ನೋಡಿ ಬರಲು ಟೀಚರ್ ಕೊಟ್ಟ ಹತ್ತು ನಿಮಿಷ. ಎರಡು ತಿಂಗಳು ಹಿಡಿಯಿತು. ಲಾಲಸಾಬ ತಂತಿ ಸುತ್ತುವ ಕೆಲಸ ಮುಂದುವರಿಸಿದ, ಕರೆಂಟು ಕೊಟ್ಟು ನೋಡುವ ಕೆಲಸಕ್ಕೆ ಹಸೀನಾಳ ಅಣ್ಣನೇ ಒಬ್ಬರನ್ನು ಗೊತ್ತುಮಾಡಿದ. ಕೆಲವು ಗಿರಾಕಿಗಳು ಬಿಟ್ಟರು. ಪಾಟೀಲ ಸರ್ ಫಾರ್ಮಿನ ಕಾಲಮ್ಮಿನ ಬಗ್ಗೆ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಹೊಡೆದು ಹಾಕಿದ್ದನ್ನು ನೋಡಿ ಸುಮ್ಮನಾದರು. ಹಳೆಯ ಫೈಲುಗಳನ್ನು ತೆಗೆದು, 'ಸಡಿಲು' ಎಂದು ಬರೆದಿದ್ದ ಪ್ರತಿ ಮನೆಗೂ ಹೋದೆ. ಕೆಲವರು ಚಹಾ ಕೊಟ್ಟರು. ಒಬ್ಬ ಅಜ್ಜ ಬಾಗಿಲು ಹಾಕಿಕೊಂಡ. ಅದು ಅವನ ಹಕ್ಕು.

ಹೊಸದಾಗಿ ಬಂದವರಿಗೆ ಇಷ್ಟೇ ಹೇಳಬೇಕಿದೆ. ಗೋಡೆ ನೂಕಿಸಿ, ನಡೆಸಿ, ಭಾರ ಎತ್ತಿಸಿ, ಉಸಿರು ಬಿಡಿಸಿ. ಇವು ಮಗುವಿಗೆ ನೆರವಾಗುತ್ತವೆ. ನಡಿಗೆಯನ್ನು ಕಣ್ಣಿಟ್ಟು ನೋಡಿ. ಮಗು ಬಾಯಿಬಿಟ್ಟು ಮನೆಯವರ ಬಗ್ಗೆ ಏನಾದರೂ ಹೇಳಿದರೆ ನಂಬಿ, ಹೇಳಬೇಕಾದವರಿಗೆ ಅಂದೇ ಹೇಳಿ. ಹೇಳದಿದ್ದರೆ ಕಾಯಿರಿ, ಕೇಳಲು ನಾಚಬೇಡಿ. ಅದರ ಮೈಯಿಂದ ಉತ್ತರ ಕಿತ್ತುಕೊಳ್ಳಬೇಡಿ. ನಿಮ್ಮ ಅನುಮಾನವನ್ನು ಅದರ ಕೈಯಿಂದ ಹೇಳಿಸಬೇಡಿ.

ಆ ಗುರುವಾರ ಸಂಜೆ ನಾನು ಸಿಂದಗಿಗೆ ಮರಳಿ, ಬಾಗೇವಾಡಿಯ ಶಾಲೆಗೆ ಶುಕ್ರವಾರ ಬರುವುದಿಲ್ಲವೆಂದು ತಿಳಿಸಿದೆ. ಸಿಂದಗಿಗೆ ವಾರಕ್ಕೊಮ್ಮೆ ನರರೋಗದ ವೈದ್ಯರೊಬ್ಬರು ಬರುತ್ತಿದ್ದರು, ಅದೂ ಶುಕ್ರವಾರವೇ; ಅಲ್ಲಿಗೆ ಬರಲು ಮೂವರಿಗೂ ಹೇಳಿದ್ದೆ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ತಾಂಬಾದ ಬಸ್ಸಿನಿಂದ ಲಾಲಸಾಬ ಇಳಿದ, ಅರ್ಧ ಗಂಟೆಯ ನಂತರ ಮುದ್ದೇಬಿಹಾಳದ ಕಡೆಯಿಂದ ತಾಯಿ ಮಗಳು. ಸಾನಿಯಾ ತಂದೆಯ ಹುಬ್ಬನ್ನು ಮುಟ್ಟಿ ನೋಡಿದಳು. ಹಸೀನಾ ಗಂಡನ ಕೈಯಿಂದ ಚೀಲ ತೆಗೆದುಕೊಂಡಳು. ನಾನು ಮುಂದೆ ನಡೆದೆ, ಅವರು ಹಿಂದೆ ಬಂದರು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆ.

ಒಳಗೆ ವೈದ್ಯರು ಲಾಲಸಾಬನನ್ನು, "ಬಿದ್ದಾಗ ಎಷ್ಟು ಹೊತ್ತು ಹಾಗೆ ಇದ್ದಿರಿ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ.

"ಮೊದಲನೇ ಸಲ ನೂರಾ ನಲವತ್ತು" ಎಂದಳು ಸಾನಿಯಾ. "ಎರಡನೇ ಸಲ ನೂರಾ ಹತ್ತು. ಎಣಿಸೇನ್ರಿ. ಬಲಗೈ ಮೊದಲ ಅಲುಗ್ಯಾಡ್ತೈತಿ, ಆಮ್ಯಾಲೆ ಎಡಗೈ."

ವೈದ್ಯರು ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು. ತಮ್ಮ ಪಕ್ಕದ ಕುರ್ಚಿಯನ್ನು ಎಳೆದು, "ಇಲ್ಲಿ ಕೂಡು ಬಾ. ಮೊದಲಿಂದ ಹೇಳು" ಎಂದರು.

ನಾನು ಎದ್ದು ಹೊರಗೆ ಬಂದು, ಬಾಗಿಲು ಮುಂದೆ ಎಳೆದುಕೊಂಡು ಬೆಂಚಿನ ಮೇಲೆ ಕುಳಿತೆ.